‘ಬರಬಹುದು’ ಎಂಬ ಮಾತಿನ ಬೆಲೆ

ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಿಂದ ಅಪ್ಪ ಫೋನು ಮಾಡಿದಾಗಲೆಲ್ಲ ಕುಶಲ ವಿಚಾರಿಸುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: ‘ಮಳೆ ಬರ್ತೈತೇನಪ್ಪ?’ ಮಗ ಬೆಂಗಳೂರಿನಲ್ಲಿ ಮಳೆಯ ಲೆಕ್ಕ ಹಾಕುವ ಕೆಲಸದಲ್ಲಿದ್ದಾನೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಊರಿನವರಂತೂ ನನ್ನನ್ನು ಸರ್ಕಾರಿ ಹವಾಮಾನ ಇಲಾಖೆಯ ನೌಕರನೆಂದೇ ತಿಳಿದಿದ್ದರು. ಮಳೆ ಕೈಕೊಟ್ಟ ವರ್ಷ ಊರಿಗೆ ಹೋದರೆ ಅರಳಿಕಟ್ಟೆಯ ಮೇಲೆ ಕುಳಿತವರು ನನ್ನತ್ತ ನೋಡಿ ನಗುತ್ತಿದ್ದರು. ನನ್ನದು ಖಾಸಗಿ ಕಂಪೆನಿ, ಇಲಾಖೆಗೂ ನನಗೂ ಸಂಬಂಧವಿಲ್ಲ ಎಂದು ವಿವರಿಸಿದರೆ ನಗು ಇನ್ನಷ್ಟು ಜೋರಾಗುತ್ತಿತ್ತು. ‘ಮಳೆ ಸುದ್ದಿಗೂ ಕಂಪೆನಿ ಐತಾ? ಅದನ್ನ ಯಾರಪ್ಪ ದುಡ್ಡು ಕೊಟ್ಟು ಕೊಂಡ್ಕೊಳ್ತಾರೆ?’ ಎಂದು ಹಿರಿಯರೊಬ್ಬರು ಕೇಳಿದ್ದರು.

ಅವರು ತಮಾಷೆಗೆ ಕೇಳಿದ್ದರೂ ಪ್ರಶ್ನೆ ತಮಾಷೆಯದಲ್ಲ. ಎಂಟು ವರ್ಷ ಆ ಉದ್ಯೋಗದಲ್ಲಿದ್ದು ಹೊರಬಂದ ಮೇಲೂ ನಾನು ಅದನ್ನೇ ಯೋಚಿಸುತ್ತಿದ್ದೇನೆ. ಹವಾಮಾನ ಮುನ್ಸೂಚನೆಯನ್ನು ಕೊಳ್ಳುವವರು ಯಾರು? ಅವರು ಕೊಳ್ಳುವುದು ಏನನ್ನು? ಕೊಳ್ಳಲಾಗದವರಿಗೆ ಸಿಗುವುದು ಏನು? ದೇಶದಲ್ಲಿ ಖಾಸಗಿ ಹವಾಮಾನ ಸಂಸ್ಥೆಗಳು ಬೇರೂರಿ ಎರಡು ದಶಕಗಳು ಕಳೆದಿರುವ ಈ ಹೊತ್ತಿನಲ್ಲಿ ಈ ಮೂರು ಪ್ರಶ್ನೆಗಳನ್ನು ಬಹಿರಂಗವಾಗಿ ಚರ್ಚಿಸುವುದು ಒಳ್ಳೆಯದು.

ಖಾಸಗಿ ಹವಾಮಾನ ಕಂಪೆನಿಯ ದಿನಚರಿ ಹೊರಗಿನವರು ಊಹಿಸುವಷ್ಟು ರೋಚಕವಾದುದಲ್ಲ. ನಮ್ಮ ಕಚೇರಿಯ ಮಾಳಿಗೆಯ ಮೇಲೆ ತಿರುಗುವ ರಾಡಾರ್ ಇರಲಿಲ್ಲ. ನಾವು ಒಂದು ಬಲೂನನ್ನೂ ಆಕಾಶಕ್ಕೆ ಹಾರಿಸಿದವರಲ್ಲ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಸಾಲಾಗಿ ಕಂಪ್ಯೂಟರುಗಳು, ಗೋಡೆಯ ಮೇಲೆ ಉಪಗ್ರಹದ ಚಿತ್ರಗಳು, ಮೂಲೆಯಲ್ಲಿ ಕಾಫಿ ಯಂತ್ರ. ಮುಂಜಾನೆ ಪಾಳಿಯವರು ನಾಲ್ಕೂವರೆಗೆ ಬಂದು ಕೂರಬೇಕು. ಜಗತ್ತಿನ ನೂರಾರು ಕೇಂದ್ರಗಳಿಂದ ದಿನಕ್ಕೆರಡು ಬಾರಿ, ನಮ್ಮ ಗಡಿಯಾರದಲ್ಲಿ ಬೆಳಗಿನ ಮತ್ತು ಸಂಜೆಯ ಐದೂವರೆಯ ಲೆಕ್ಕಕ್ಕೆ, ಹವಾಮಾನ ಬಲೂನುಗಳು ಮೇಲೇರುತ್ತವೆ. ಉಷ್ಣಾಂಶ, ತೇವಾಂಶ, ಗಾಳಿಯ ವೇಗಗಳನ್ನು ಅವು ಕೆಳಗೆ ರವಾನಿಸುತ್ತವೆ. ಉಪಗ್ರಹ, ಹಡಗು, ವಿಮಾನಗಳ ಮಾಹಿತಿಯೂ ಅದರೊಂದಿಗೆ ಸೇರುತ್ತದೆ. ಅಮೆರಿಕ ಮತ್ತು ಯೂರೋಪಿನ ಕೇಂದ್ರಗಳ ಸೂಪರ್ ಕಂಪ್ಯೂಟರುಗಳು ಇವನ್ನೆಲ್ಲ ಅರಗಿಸಿಕೊಂಡು ಮುಂದಿನ ಹತ್ತು ಹದಿನೈದು ದಿನಗಳ ಲೆಕ್ಕ ಹಾಕುತ್ತವೆ. ಅಮೆರಿಕದ ಲೆಕ್ಕ ದಿನಕ್ಕೆ ನಾಲ್ಕು ಬಾರಿ ಹೊಸದಾಗುತ್ತದೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ನಾವು ಮಾಡುತ್ತಿದ್ದುದು ಆ ಲೆಕ್ಕಗಳನ್ನು ತಾಳೆ ನೋಡುವ ಕೆಲಸ. ಯಾವ ಮಾದರಿ ಯಾವ ಊರಿನಲ್ಲಿ ಎಷ್ಟು ತಪ್ಪುತ್ತದೆ ಎಂಬುದನ್ನು ಹಿಂದಿನ ದಾಖಲೆಗಳಿಂದ ಕಂಡುಕೊಂಡು ತಿದ್ದುತ್ತಿದ್ದೆವು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಮಾದರಿ ತೋರಿಸುವ ಮಳೆಯೆಲ್ಲ ನೆಲಕ್ಕೆ ಬೀಳುವುದಿಲ್ಲ ಎಂಬಂಥ ಅನುಭವಜ್ಞಾನವನ್ನು ಅದಕ್ಕೆ ಸೇರಿಸುತ್ತಿದ್ದೆವು. ಬಳಿಕ ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ಅದನ್ನು ಬರೆದು ಕಳಿಸುತ್ತಿದ್ದೆವು. ‘ದಕ್ಷಿಣ ಒಳನಾಡಿನ ಕೆಲವೆಡೆ ಚದುರಿದಂತೆ ಮಳೆ’ ಎಂಬ ಇಲಾಖೆಯ ವಾಕ್ಯದಿಂದ ಕಾಂಕ್ರೀಟು ಹಾಕುವ ಗುತ್ತಿಗೆದಾರನಿಗೆ ಪ್ರಯೋಜನವಿಲ್ಲ. ಮಧ್ಯಾಹ್ನ ಮೂರರಿಂದ ಆರರೊಳಗೆ ತನ್ನ ಕಾಮಗಾರಿಯ ಜಾಗದಲ್ಲಿ ಮಳೆಯಾಗುವ ಸಂಭವ ಎಷ್ಟು ಎಂಬುದು ಆತನಿಗೆ ಬೇಕು. ಆ ಅಂತರವನ್ನು ತುಂಬುವುದೇ ನಮ್ಮ ವ್ಯಾಪಾರವಾಗಿತ್ತು. ಅದು ಪ್ರಾಮಾಣಿಕವಾದ ವ್ಯಾಪಾರವೇ. ಆದರೆ ಅದರ ಬುಡದಲ್ಲಿದ್ದ ಬಂಡವಾಳ ನಮ್ಮದಾಗಿರಲಿಲ್ಲ. ಹಲವು ದೇಶಗಳ ತೆರಿಗೆದಾರರದಾಗಿತ್ತು.

ಸಂಕಟದಿಂದ ಹುಟ್ಟಿದ ಇಲಾಖೆ

ಹವಾಮಾನ ಮುನ್ಸೂಚನೆ ಹುಟ್ಟಿದ್ದು ಮಾರಾಟದ ಸರಕಾಗಿ ಅಲ್ಲ, ಪ್ರಾಣರಕ್ಷಣೆಯ ಉಪಾಯವಾಗಿ. 1861ರ ಆಗಸ್ಟ್ 1ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮುನ್ಸೂಚನೆ ಪ್ರಕಟಿಸಲು ಆರಂಭಿಸಿದವನು ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ ಪ್ರಯಾಣಿಸಿದ ಬೀಗಲ್ ಹಡಗಿನ ಕಪ್ತಾನ ಇವನೇ. ಸಮುದ್ರದಲ್ಲಿ ಸಾಯುತ್ತಿದ್ದ ನಾವಿಕರನ್ನು ಉಳಿಸುವುದು ಅವನ ಉದ್ದೇಶವಾಗಿತ್ತು. ತಾನು ಹೇಳುವುದು ಭವಿಷ್ಯವಾಣಿಯಲ್ಲ, ಲೆಕ್ಕಾಚಾರದಿಂದ ಬಂದ ಅಭಿಪ್ರಾಯ ಎಂದು ಆತ ಸ್ಪಷ್ಟವಾಗಿಯೇ ಹೇಳಿದ್ದ. ಆದರೂ ತಪ್ಪಿದ ದಿನಗಳನ್ನು ಹಿಡಿದು ಗೇಲಿ ಮಾಡಿದವರಿಗೆ ಕೊರತೆಯಿರಲಿಲ್ಲ. ಹಲವು ದುಗುಡಗಳಿಂದ ಜರ್ಜರಿತನಾಗಿದ್ದ ಆತ 1865ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ ಮುನ್ಸೂಚನೆಗಳನ್ನು ನಿಲ್ಲಿಸಲಾಯಿತು. ಆದರೆ ಕಡಲಿಗಿಳಿಯುವವರಿಗೆ ಅವು ಬೇಕಾಗಿದ್ದವು. 1867ರಲ್ಲಿ ಬಿರುಗಾಳಿಯ ಎಚ್ಚರಿಕೆಗಳನ್ನು ಮತ್ತೆ ಆರಂಭಿಸಬೇಕಾಯಿತು. ನೂರಕ್ಕೆ ನೂರು ನಿಜವಾಗದ ಮಾತೂ ಉಪಯುಕ್ತವಾಗಬಲ್ಲದು ಎಂಬುದನ್ನು ಪಂಡಿತರಿಗಿಂತ ಮೊದಲು ಅರಿತವರು ಅದನ್ನು ನಂಬಿ ಬದುಕಬೇಕಾಗಿದ್ದ ಜನ.

ನಮ್ಮಲ್ಲಿ ನಡೆದುದೂ ಹೀಗೆಯೇ. 1864ರ ಭೀಕರ ಚಂಡಮಾರುತ ಕಲ್ಕತ್ತವನ್ನು ನುಚ್ಚುನೂರು ಮಾಡಿತು. 1866 ಮತ್ತು 1871ರಲ್ಲಿ ಮುಂಗಾರು ವಿಫಲವಾಯಿತು. ಈ ಪೆಟ್ಟುಗಳ ನಂತರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಅಸ್ತಿತ್ವಕ್ಕೆ ಬಂತು. ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ ಎಚ್.ಎಫ್. ಬ್ಲಾನ್‌ಫರ್ಡ್ 1886ರಲ್ಲಿ ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆ ನೀಡಿದರು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಮುಂಗಾರಿನ ಗುಟ್ಟನ್ನು ಹುಡುಕುತ್ತ ಹೋಗಿ, ಪೆಸಿಫಿಕ್ ಸಾಗರದ ಒತ್ತಡದ ಏರಿಳಿತವನ್ನು ಗುರುತಿಸಿದರು. ಇಂದು ‘ಎಲ್ ನಿನೊ’ ಎಂಬ ಪದ ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲೂ ಕೇಳಿಬರುತ್ತಿದ್ದರೆ ಅದರ ಬೇರುಗಳು ಆ ಹುಡುಕಾಟದಲ್ಲಿವೆ.

ಖಾಸಗಿಯವರಿಗೆ ಬಾಗಿಲು ತೆರೆದದ್ದು ಒಂದು ದೊಡ್ಡ ವೈಫಲ್ಯದ ಬೆನ್ನಿಗೇ. 2002ರಲ್ಲಿ ವಾಡಿಕೆ ಮಳೆಯಾಗುತ್ತದೆಂದು ಇಲಾಖೆ ಹೇಳಿತ್ತು. ಬಂದದ್ದು ವಾಡಿಕೆಯ ಶೇ 81 ಮಾತ್ರ. ಜುಲೈ ತಿಂಗಳಂತೂ ಅರ್ಧದಷ್ಟೂ ಮಳೆಯಿಲ್ಲದೆ ಕಳೆಯಿತು. ಮರುವರ್ಷ, 2003ರಲ್ಲಿ, ‘ಸ್ಕೈಮೆಟ್’ ಎಂಬ ಖಾಸಗಿ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಆಂಧ್ರದ ಮಹಬೂಬ್‌ನಗರದಲ್ಲಿ ಮಳೆ ಆಧಾರಿತ ವಿಮೆಯ ಪ್ರಯೋಗ ನಡೆಯಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಸರ್ಕಾರ ಮೊದಲು ಪ್ರಯೋಗಿಸಿದ್ದು ಕರ್ನಾಟಕದಲ್ಲೇ. ಬೆಳೆ ನಷ್ಟವನ್ನು ಹೊಲದಲ್ಲಿ ಅಳೆಯುವ ಬದಲು ಮಳೆಮಾಪಕದ ಅಂಕಿ ನೋಡಿ ಪರಿಹಾರ ಕೊಡುವ ಪದ್ಧತಿ ಅದು. ಅದಕ್ಕೆ ಹಳ್ಳಿಗಳಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬೇಕಾದವು. ಅವನ್ನು ನೆಡಲು ಖಾಸಗಿಯವರು ಮುಂದೆ ಬಂದರು. ಸರ್ಕಾರಿ ಜಾಲ ತಲುಪದ ಎಡೆಗಳಲ್ಲಿ ಅವರು ಕೇಂದ್ರಗಳನ್ನು ಸ್ಥಾಪಿಸಿದ್ದು ನಿಜ. ಆ ಸೇವೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಗುಡ್ಡದ ಮೇಲೊಂದು, ಹೊಲಕ್ಕೆ ಮತ್ತೊಂದು

ಹಾಗಾದರೆ ತೊಡಕು ಎಲ್ಲಿದೆ? ಅದನ್ನು ನೋಡಬೇಕಾದರೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಬರಬೇಕು. ಹೆದ್ದಾರಿಯಲ್ಲಿ ಹೋದವರೆಲ್ಲ ಅಲ್ಲಿನ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೋಡಿರುತ್ತಾರೆ. ನಾಳೆ ಎಷ್ಟು ವಿದ್ಯುತ್ ಉತ್ಪಾದಿಸುತ್ತೇವೆಂದು ಆ ಯಂತ್ರಗಳ ಮಾಲೀಕರು ಇಂದೇ ತಿಳಿಸಬೇಕು ಎಂಬ ನಿಯಮಾವಳಿಯನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲಿ ರೂಪಿಸಿತು. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ವಿಭಜಿಸಿ, ಪ್ರತಿ ತುಂಡಿಗೂ ಅಂದಾಜು ಕೊಡಬೇಕು. ಅಂದಾಜು ಶೇ 15ಕ್ಕಿಂತ ಹೆಚ್ಚು ತಪ್ಪಿದರೆ ದಂಡ. ಹೀಗಾಗಿ ಗುಡ್ಡದ ಮೇಲಿನ ಗಾಳಿಗೆ ದಿನಕ್ಕೆ 96 ಮುನ್ಸೂಚನೆಗಳು. ಹಗಲಿನಲ್ಲಿ ಮತ್ತೆ ಮತ್ತೆ ಅವುಗಳ ಪರಿಷ್ಕರಣೆ. ನಮ್ಮ ಕಂಪೆನಿಯ ಅತ್ಯುತ್ತಮ ತಜ್ಞರು ಕೆಲಸ ಮಾಡುತ್ತಿದ್ದುದು ಈ ವಿಭಾಗದಲ್ಲಿ. ಕಾರಣ ಸರಳ: ಅಲ್ಲಿ ತಪ್ಪಿಗೆ ಬೆಲೆಯಿತ್ತು, ಆ ಬೆಲೆಯನ್ನು ತೆರುವವರ ಕೈಯಲ್ಲಿ ಹಣವಿತ್ತು.

ಅದೇ ಗುಡ್ಡದ ಬುಡದಲ್ಲಿ ಶೇಂಗಾ ಹೊಲಗಳಿವೆ. ಅಲ್ಲೂ ತಪ್ಪಿಗೆ ಬೆಲೆಯಿದೆ. ಆದರೆ ಅದನ್ನು ತೆರುವವನು ಒಬ್ಬಂಟಿ ರೈತ. ಅವನಿಗೆ ನಾವು ಏನು ಕೊಡುತ್ತಿದ್ದೆವು? ತಿಂಗಳಿಗೆ ಕೆಲವೇ ರೂಪಾಯಿಗಳ ಚಂದಾಕ್ಕೆ ದಿನಕ್ಕೊಂದು ಎಸ್ಸೆಮ್ಮೆಸ್ಸು. ಕನ್ನಡ ಅಕ್ಷರಗಳಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ ಸಿಗುವುದು 70 ಅಕ್ಷರಸ್ಥಾನ. ಅದರಲ್ಲಿ ತಾಲ್ಲೂಕಿನ ಹೆಸರು, ದಿನಾಂಕ ಹೋಗಿ ಉಳಿದ ಜಾಗದಲ್ಲಿ ‘ಮಳೆ ಬರಲಿದೆ’ ಅಥವಾ ‘ಒಣಹವೆ’. ಗಾಳಿಯಂತ್ರದ ಕಂಪೆನಿಗೆ ನಾವು ಕೊಡುತ್ತಿದ್ದ ವರದಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದು ತಪ್ಪಬಹುದಾದ ವ್ಯಾಪ್ತಿ ಇರುತ್ತಿತ್ತು. ಯೂರೋಪಿನ ಕೇಂದ್ರ ಒಂದೇ ಹವೆಯನ್ನು ತುಸು ಬೇರೆ ಬೇರೆ ಆರಂಭಗಳಿಂದ 51 ಬಾರಿ ಲೆಕ್ಕ ಹಾಕುತ್ತದೆ. ಅವುಗಳಲ್ಲಿ ಎಷ್ಟು ಒಂದೇ ದಿಕ್ಕಿಗೆ ಹೋಗುತ್ತವೆ, ಎಷ್ಟು ಚದುರುತ್ತವೆ ಎಂಬುದರಿಂದ ನಂಬಿಕೆಯ ಮಟ್ಟ ತಿಳಿಯುತ್ತದೆ. ಆ ನಕ್ಷೆಗಳೆಲ್ಲ ದೊಡ್ಡ ಗಿರಾಕಿಯ ಕೈಸೇರುತ್ತಿದ್ದವು.

ಈ ವೃತ್ತಿಯ ಕುರಿತು ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಹಣವಿದ್ದವರಿಗೆ ನಾವು ಮುನ್ಸೂಚನೆಯ ಜೊತೆಗೆ ಅದರ ಅನುಮಾನವನ್ನೂ ಕೊಡುತ್ತಿದ್ದೆವು. ಹಣವಿಲ್ಲದವರಿಗೆ ಬರೀ ಖಚಿತತೆಯನ್ನು ಕೊಡುತ್ತಿದ್ದೆವು. ಖಚಿತತೆ ಹೆಚ್ಚು ಬೆಲೆಬಾಳುವ ಸರಕೆಂದು ಸಾಮಾನ್ಯರು ಭಾವಿಸುತ್ತಾರೆ. ಹವಾಮಾನದಲ್ಲಿ ಅದು ಅಗ್ಗದ ಸರಕು. ಏಕೆಂದರೆ ಅದು ನಿಜವಲ್ಲ.

ಟಿವಿ ವಾಹಿನಿಗಳಿಗೂ ಖಚಿತತೆಯೇ ಬೇಕಾಗಿತ್ತು. ‘ನಾಳೆ ನಗರದಲ್ಲಿ ಮಳೆಯ ಸಂಭವ ಶೇ 40’ ಎಂದು ಬರೆದುಕೊಟ್ಟರೆ, ‘ಬರುತ್ತೋ ಇಲ್ಲವೋ ಅಷ್ಟು ಹೇಳಿ ಸಾರ್’ ಎಂಬ ಉತ್ತರ ಬರುತ್ತಿತ್ತು. ನಮ್ಮ ಮಾರಾಟ ವಿಭಾಗದವರಿಗೂ ‘ಬಹುದು’ ಎಂಬ ಪದವೆಂದರೆ ಅಲರ್ಜಿ. ಸಂದೇಹ ಬಂದಾಗ ಮಳೆ ಎಂದೇ ಹೇಳಿಬಿಡುವುದು ಇಂಥಲ್ಲಿ ಸುರಕ್ಷಿತ ಮಾರ್ಗ. ಮಳೆಯೆಂದು ಹೇಳಿ ಬಿಸಿಲು ಬಂದರೆ ಜನ ಮರೆಯುತ್ತಾರೆ. ಬಿಸಿಲೆಂದು ಹೇಳಿ ಮಳೆ ಬಂದರೆ ಬಯ್ಯುತ್ತಾರೆ. ಅಮೆರಿಕದ ಖಾಸಗಿ ಹವಾಮಾನ ವಾಹಿನಿಯೊಂದರ ಮುನ್ಸೂಚನೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಸಂಶೋಧನೆಯಲ್ಲೂ ಇಂಥ ಒಲವು ಕಂಡುಬಂತು. ಮಳೆಯ ಸಂಭವ ಕಡಿಮೆಯಿದ್ದ ದಿನಗಳಲ್ಲಿ ಅದು ಇರುವುದಕ್ಕಿಂತ ಹೆಚ್ಚು ಮಾಡಿ ಹೇಳುತ್ತಿತ್ತು. ಅದು ಅಜ್ಞಾನದ ತಪ್ಪಲ್ಲ, ಗಿರಾಕಿಯ ಮನಸ್ಸನ್ನು ಓದಿ ಮಾಡಿದ ತಪ್ಪು. ಛತ್ರಿ ಹಿಡಿದು ಹೊರಟ ನಗರವಾಸಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಬೀಜ ಹಿಡಿದು ಹೊರಟವನಿಗೆ ಇದೆ.

2018ರ ಆರಿದ್ರ ಮಳೆ

2018ರ ಜುಲೈ ಮೊದಲ ವಾರ. ಆರಿದ್ರ ಮಳೆಯ ಕೊನೆಯ ದಿನಗಳು. ನಮ್ಮೂರಲ್ಲಿ ಒಂದು ಮಳೆಯಾಗಿ ನೆಲ ಅರೆಹದಕ್ಕೆ ಬಂದಿತ್ತು. ಈಗ ಬಿತ್ತಿದರೆ ವಾರ ಹತ್ತು ದಿನದೊಳಗೆ ಇನ್ನೊಂದು ಮಳೆ ಬೀಳಲೇಬೇಕು; ಬೀಳದಿದ್ದರೆ ಮೊಳಕೆ ನೆಲದಲ್ಲೇ ಸುಟ್ಟುಹೋಗುತ್ತದೆ. ಅಪ್ಪ ಸಾಲ ಮಾಡಿ ಆರು ಎಕರೆಗೆ ಸಾಕಾಗುವಷ್ಟು ಶೇಂಗಾ ಬೀಜ ತಂದು ಇಟ್ಟಿದ್ದರು. ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ‘ಕೂರಿಗೆಯವರು ಬಂದು ನಿಂತವ್ರೆ. ಮಳೆ ಬರ್ತೈತೇನಪ್ಪ?’

ನನ್ನ ಮುಂದಿನ ಪರದೆಯ ಮೇಲೆ ಉತ್ತರವಿತ್ತು. ಒಂದು ವಾರದೊಳಗೆ ಆ ಭಾಗದಲ್ಲಿ ಹದವಾದ ಮಳೆಯಾಗುವ ಸಂಭವ ಶೇ 60ರ ಆಸುಪಾಸು. ಅಂದರೆ ಇಂಥದೇ ಹತ್ತು ಸಂದರ್ಭಗಳಲ್ಲಿ ಆರರಲ್ಲಿ ಮಳೆ, ನಾಲ್ಕರಲ್ಲಿ ಇಲ್ಲ. ಆದರೆ ಎಷ್ಟೋ ವರ್ಷಗಳಿಂದ ‘ಬಹುದು’ ಎಂಬ ಪದವನ್ನು ಅಳಿಸಿ ಅಳಿಸಿ ನನ್ನ ನಾಲಿಗೆಗೆ ಬೇರೊಂದು ಅಭ್ಯಾಸವಾಗಿಬಿಟ್ಟಿತ್ತು. ಅಪ್ಪನಿಗೆ ಶೇಕಡಾವಾರು ಲೆಕ್ಕ ಹೇಳಿ ಗೊಂದಲ ಮಾಡುವುದೇಕೆ ಎಂಬ ವಿದ್ಯಾವಂತನ ಜಂಬವೂ ಇತ್ತು. ‘ಬರ್ತೈತೆ, ಬಿತ್ತಪ್ಪ’ ಎಂದೆ. ಅಪ್ಪ ಆರೂ ಎಕರೆ ಬಿತ್ತಿದರು.

ಆಮೇಲೆ ಇಪ್ಪತ್ತೆರಡು ದಿನ ಹನಿ ಬೀಳಲಿಲ್ಲ.

ಶ್ರಾವಣದಲ್ಲಿ ಊರಿಗೆ ಹೋದಾಗ ಅಪ್ಪ ನನ್ನನ್ನು ಬಯ್ಯಲಿಲ್ಲ. ನಾನೇ ಮಾತು ತೆಗೆದು, ಆರರ ಮತ್ತು ನಾಲ್ಕರ ಲೆಕ್ಕವನ್ನು ವಿವರಿಸಿ, ಮುನ್ಸೂಚನೆ ತಪ್ಪಿರಲಿಲ್ಲ, ನಾಲ್ಕರ ಪಾಲು ನಮಗೆ ಬಂತು ಎಂದು ಸಮರ್ಥಿಸಿಕೊಂಡೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು. ‘ಹತ್ತಕ್ಕೆ ಆರು ಅಂತ ಅವತ್ತೇ ಹೇಳಿದ್ರೆ ಮೂರು ಎಕರೆ ಬಿತ್ತಿ, ಉಳಿದ ಬೀಜ ಮನೇಲಿ ಇಟ್ಕೊಂತಿದ್ನಲ್ಲಪ್ಪ’ ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಗಾಳಿಯಂತ್ರದ ಕಂಪೆನಿಗೆ ತಿಂಗಳಿಗೆ ಲಕ್ಷಗಟ್ಟಲೆ ಹಣಕ್ಕೆ ನಾವು ಕೊಡುತ್ತಿದ್ದ ಸಲಹೆಯ ತಿರುಳು ಅಷ್ಟೇ: ಸಂಭವ ಇಷ್ಟಿದೆ, ಆದ್ದರಿಂದ ಇಷ್ಟನ್ನು ಪಣಕ್ಕಿಟ್ಟು ಇಷ್ಟನ್ನು ಉಳಿಸಿಕೊಳ್ಳಿ. ನಾಲ್ಕನೇ ತರಗತಿ ಓದಿದ ಅಪ್ಪನಿಗೆ ಅದು ಸಲೀಸಾಗಿ ಗೊತ್ತಿತ್ತು. ಗೊತ್ತಿರದೆ ಏನು? ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯಲ್ಲಿ ‘ಆದರೆ’ ಮತ್ತು ‘ಇಲ್ಲದಿದ್ದರೆ’ ಎರಡಕ್ಕೂ ಜಾಗವಿದೆ. ರೈತನ ಬದುಕೇ ಸಂಭವನೀಯತೆಯ ಲೆಕ್ಕ. ಅದು ಅವನಿಗೆ ಅರ್ಥವಾಗದು ಎಂದು ತೀರ್ಮಾನಿಸಿದವರು ನಗರದ ನಾವು.

ತಪ್ಪನ್ನು ಮುಚ್ಚಿಡದ ವ್ಯವಸ್ಥೆ

ಸರ್ಕಾರಿ ಇಲಾಖೆ ಸರಿ, ಖಾಸಗಿಯವರು ತಪ್ಪು ಎಂದು ನಾನು ಹೇಳುತ್ತಿಲ್ಲ. ದಾಖಲೆಗಳು ಹಾಗೆ ಹೇಳುವುದೂ ಇಲ್ಲ. 2015ರ ಮುಂಗಾರು ವಾಡಿಕೆಯ ಶೇ 102 ಎಂದು ಸ್ಕೈಮೆಟ್ ಅಂದಾಜಿಸಿತ್ತು. ಇಲಾಖೆ ಏಪ್ರಿಲ್‌ನಲ್ಲಿ ಶೇ 93 ಎಂದು, ಜೂನ್‌ನಲ್ಲಿ ಶೇ 88 ಎಂದು ಹೇಳಿತು. ಆದದ್ದು ಶೇ 86. ಆ ವರ್ಷ ಗೆದ್ದದ್ದು ಇಲಾಖೆ. 2019ರಲ್ಲಿ ಖಾಸಗಿ ಸಂಸ್ಥೆಯದು ಶೇ 93, ಇಲಾಖೆಯದು ಶೇ 96. ಸುರಿದದ್ದು ಶೇ 110. ಇಬ್ಬರೂ ಸೋತರು. 2023ರಲ್ಲಿ ಖಾಸಗಿ ಅಂದಾಜು ಶೇ 94, ಇಲಾಖೆಯದು ಶೇ 96. ಆದದ್ದು ಶೇ 94. ಮುಂಗಾರು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಇಲಾಖೆ ತನ್ನ ಅಂದಾಜಿನ ಜೊತೆ ಶೇ 4 ಅಥವಾ 5ರಷ್ಟು ಹೆಚ್ಚುಕಡಿಮೆಯಾಗಬಹುದೆಂದೂ, ಕೊರತೆಯಿಂದ ಅತಿವೃಷ್ಟಿಯವರೆಗಿನ ಐದು ವರ್ಗಗಳ ಸಂಭವ ಎಷ್ಟೆಷ್ಟೆಂದೂ ಪ್ರಕಟಿಸುತ್ತ ಬಂದಿದೆ. ಆದರೆ ಪತ್ರಿಕೆಗಳ ತಲೆಬರಹಕ್ಕೆ ಬರುವಷ್ಟರಲ್ಲಿ ಉಳಿಯುವುದು ಒಂದೇ ಅಂಕಿ. ಈ ದೋಷದಲ್ಲಿ ಮಾಧ್ಯಮಗಳ ಪಾಲೂ ಇದೆ, ಓದುಗರ ಪಾಲೂ ಇದೆ.

ಖಾಸಗಿ ಸಂಸ್ಥೆಗಳಿಗೂ ಸರ್ಕಾರಕ್ಕೂ ನಡುವೆ ಗೆರೆ ಎಲ್ಲಿರಬೇಕು ಎಂಬ ಜಗಳ ನಮಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ‘ಅಕ್ಯುವೆದರ್’ 1962ರಲ್ಲೇ ಆರಂಭವಾಗಿತ್ತು. ಖಾಸಗಿಯವರು ಕೊಡಬಲ್ಲ ಸೇವೆಗಳನ್ನು ಸರ್ಕಾರಿ ಹವಾಮಾನ ಸೇವೆ ಕೊಡಬಾರದು ಎಂಬ ಮಸೂದೆಯನ್ನು 2005ರಲ್ಲಿ ಅಲ್ಲಿನ ಸೆನೆಟ್ ಸದಸ್ಯ ರಿಕ್ ಸ್ಯಾಂಟೋರಮ್ ಮಂಡಿಸಿದರು. ಅದು ಅಂಗೀಕಾರವಾಗಲಿಲ್ಲ. ತೆರಿಗೆ ಹಣದಿಂದ ಸಂಗ್ರಹಿಸಿದ ಮಾಹಿತಿಯನ್ನು ಜನ ಎರಡನೇ ಬಾರಿ ಹಣ ಕೊಟ್ಟು ಕೊಳ್ಳಬೇಕೇ ಎಂಬ ವಿರೋಧಿಗಳ ಪ್ರಶ್ನೆಗೆ ಇಂದಿಗೂ ತೂಕವಿದೆ.

ನನ್ನ ಅನುಭವದಿಂದ ಹೇಳುವುದಾದರೆ, ನಾಲ್ಕು ವಿಷಯಗಳಲ್ಲಿ ನಾವು ಸ್ಪಷ್ಟತೆಗೆ ಬರಬೇಕಾಗಿದೆ. ಮೊದಲನೆಯದು, ಮುನ್ಸೂಚನೆ ಮಾರುವ ಪ್ರತಿಯೊಂದು ಸಂಸ್ಥೆಯೂ ತನ್ನ ಹಿಂದಿನ ವರ್ಷದ ಮಾತುಗಳಲ್ಲಿ ಎಷ್ಟು ನಿಜವಾದವು, ಎಷ್ಟು ಸುಳ್ಳಾದವು ಎಂಬ ಲೆಕ್ಕವನ್ನು ಪ್ರಕಟಿಸಬೇಕು. ಔಷಧ ಕಂಪೆನಿಯಿಂದ ಅಡ್ಡಪರಿಣಾಮಗಳ ಪಟ್ಟಿ ಕೇಳುವ ನಾವು ಇದನ್ನೇಕೆ ಕೇಳಬಾರದು? ನಾನಿದ್ದ ಎಂಟು ವರ್ಷಗಳಲ್ಲಿ ಒಬ್ಬ ಎಸ್ಸೆಮ್ಮೆಸ್ ಚಂದಾದಾರರೂ ನಮ್ಮಿಂದ ಇಂಥ ಲೆಕ್ಕ ಕೇಳಲಿಲ್ಲ. ನಾವಾಗಿ ಕೊಡಲೂ ಇಲ್ಲ. ಎರಡನೆಯದು, ಎಷ್ಟೇ ಚಿಕ್ಕ ಸಂದೇಶವಾದರೂ ಅದರಲ್ಲಿ ಸಂಭವದ ಪ್ರಮಾಣ ಇರಬೇಕು. ‘ಹತ್ತಕ್ಕೆ ಆರು’ ಎಂಬುದಕ್ಕೆ ಬೇಕಾದ ಜಾಗ ಹನ್ನೆರಡು ಅಕ್ಷರಸ್ಥಾನಗಳಿಗಿಂತ ಹೆಚ್ಚಲ್ಲ.

ಮೂರನೆಯದು, ಪ್ರಾಣಾಪಾಯದ ಎಚ್ಚರಿಕೆಗಳಲ್ಲಿ ಪೈಪೋಟಿ ಸಲ್ಲದು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಒಡಿಶಾದತ್ತ ಬರುತ್ತಿದ್ದಾಗ ವಿದೇಶದ ಕೆಲವು ತಜ್ಞರು ಅದನ್ನು ಇಲಾಖೆ ಹೇಳಿದ್ದಕ್ಕಿಂತ ಬಹಳ ಭೀಕರವಾಗಿ ಚಿತ್ರಿಸಿದ್ದರು. ಇಲಾಖೆ ತನ್ನ ಲೆಕ್ಕಕ್ಕೆ ಅಂಟಿಕೊಂಡಿತು. ಅದರ ಅಂದಾಜೇ ನಿಜಕ್ಕೆ ಹತ್ತಿರವಾಗಿತ್ತು. ಮಾತು ಒಂದೇ ಬಾಯಿಂದ ಬಂದಾಗ ಲಕ್ಷಾಂತರ ಜನರನ್ನು ಸ್ಥಳಾಂತರಿಸುವುದು ಸುಲಭವಾಗುತ್ತದೆ. ಮೊದಲು ಹೇಳಿದವರು ಯಾರು ಎಂಬ ಸ್ಪರ್ಧೆ ಕ್ರಿಕೆಟ್ ಪಂದ್ಯದ ಮಳೆಗೆ ಇರಲಿ, ಕಡಲತೀರಕ್ಕೆ ಬೇಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕೊಳ್ಳಲಾಗದವರಿಗೆ ಒಳ್ಳೆಯ ಮುನ್ಸೂಚನೆ ಕೊಡುವುದು ಸರ್ಕಾರದ ಹೊಣೆ. ಮಾರುಕಟ್ಟೆ ಇದೆ ಎಂಬ ನೆಪದಲ್ಲಿ ಅದರಿಂದ ಜಾರಿಕೊಳ್ಳಬಾರದು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ರೈತರಿಗೆ ಹವಾಮಾನ ಸಲಹೆ ನೀಡುತ್ತಿದ್ದ 199 ಜಿಲ್ಲಾ ಘಟಕಗಳನ್ನು 2024ರಲ್ಲಿ ಮುಚ್ಚಿದ್ದು ಈ ದೃಷ್ಟಿಯಿಂದ ದುರದೃಷ್ಟಕರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಗೆ ಚಾಲನೆ ನೀಡಿದ್ದು ಸ್ವಾಗತಾರ್ಹ. ಆದರೆ ಅಂಕಿ ತಲುಪಿದರೆ ಸಾಲದು, ಅದನ್ನು ಬಿತ್ತನೆಯ ಭಾಷೆಗೆ ತರುವ ಮನುಷ್ಯರೂ ಬೇಕು.

ಇದು ಅಸಾಧ್ಯದ ಮಾತೇನಲ್ಲ. ಬರಗಾಲದ ಅನುಭವದಿಂದ ಪಾಠ ಕಲಿತ ಕರ್ನಾಟಕ 1988ರಲ್ಲೇ ಬರ ಉಸ್ತುವಾರಿ ಘಟಕವನ್ನು ಸ್ಥಾಪಿಸಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ಸ್ಥಾಪಿಸಿದೆ. ‘ವರುಣ ಮಿತ್ರ’ ಸಹಾಯವಾಣಿಯ ಮೂಲಕ ರೈತರ ಕರೆಗಳಿಗೆ ಉತ್ತರಿಸುವ ವ್ಯವಸ್ಥೆಯನ್ನೂ ಅದು ರೂಪಿಸಿತು. ದೇಶದ ಮಟ್ಟದಲ್ಲಿ 2025ರ ಮುಂಗಾರಿನಲ್ಲಿ ಇನ್ನೊಂದು ಹೆಜ್ಜೆ ಇಡಲಾಯಿತು. ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಬಳಸಿ, ಬಿತ್ತನೆಗೆ ತಕ್ಕ ಮಳೆ ತಮ್ಮ ಭಾಗಕ್ಕೆ ಯಾವಾಗ ಬರಬಹುದೆಂಬ ಅಂದಾಜನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕೇಂದ್ರ ಕೃಷಿ ಸಚಿವಾಲಯ ಎಸ್ಸೆಮ್ಮೆಸ್ ಮೂಲಕ ಉಚಿತವಾಗಿ ಕಳಿಸಿತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳ ಮುಟ್ಟಿ, ಆಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಮುಂದೆ ಸಾಗದೆ ನಿಂತಿತ್ತು. ಆ ನಿಲುಗಡೆಯ ಸುಳಿವನ್ನು ಈ ಮಾದರಿಗಳು ಮೊದಲೇ ಕೊಟ್ಟಿದ್ದವು. ಬೇಗ ಬಂದ ಮಳೆಗೆ ಮರುಳಾಗಿ ಬಿತ್ತಬೇಕೇ, ಕಾಯಬೇಕೇ ಎಂದು ತೀರ್ಮಾನಿಸುವವನಿಗೆ ಇದಕ್ಕಿಂತ ಬೆಲೆಯುಳ್ಳ ಸುದ್ದಿ ಇನ್ನೊಂದಿಲ್ಲ.

ಖಾಸಗಿ ಸಂಸ್ಥೆಗಳು ಇರಲಿ, ಬೆಳೆಯಲಿ. ಗಾಳಿ, ಬಿಸಿಲುಗಳಿಂದ ವಿದ್ಯುತ್ ತೆಗೆಯುವ ಕಾಲದಲ್ಲಿ ಅವುಗಳ ಅಗತ್ಯ ಹೆಚ್ಚುತ್ತಲೇ ಹೋಗುತ್ತದೆ. ಮುನ್ಸೂಚನೆಯನ್ನು ಮಾರುವುದು ತಪ್ಪಲ್ಲ. ಇಲ್ಲದ ಖಚಿತತೆಯನ್ನು ಮಾರುವುದು ತಪ್ಪು. ಅನುಮಾನವನ್ನು ಪ್ರಾಮಾಣಿಕವಾಗಿ ಅಳೆದು ಹೇಳುವುದೇ ಈ ಶಾಸ್ತ್ರದ ನಿಜವಾದ ಸಾಧನೆ. ಅದನ್ನು ಶ್ರೀಮಂತ ಗಿರಾಕಿಗಳಿಗೆ ಮೀಸಲಿಟ್ಟು ಉಳಿದವರಿಗೆ ಹೌದು ಅಲ್ಲಗಳ ಚೂರುಗಳನ್ನು ಎಸೆಯುವುದು ಶಾಸ್ತ್ರಕ್ಕೂ ಅಪಚಾರ, ಜನರಿಗೂ ಅನ್ಯಾಯ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ನಾನು ಆ ಕೆಲಸ ಬಿಟ್ಟಿದ್ದೇನೆಂದು ಅವರಿಗೆ ಗೊತ್ತು. ಆದರೂ ಮುಂಗಾರಿನ ಬೆಳಗುಗಳಲ್ಲಿ ಫೋನು ಬರುವುದು ನಿಂತಿಲ್ಲ. ಪ್ರಶ್ನೆ ಮಾತ್ರ ಬದಲಾಗಿದೆ. ‘ಮಳೆ ಬರ್ತೈತೇನಪ್ಪ’ ಎಂದು ಅವರು ಈಗ ಕೇಳುವುದಿಲ್ಲ. ‘ಹತ್ತಕ್ಕೆ ಎಷ್ಟು ಅಂತಾರೆ?’ ಎಂದು ಕೇಳುತ್ತಾರೆ. ನಾನು ನೋಡಿ ಹೇಳುತ್ತೇನೆ. ಎಷ್ಟು ಎಕರೆ ಬಿತ್ತಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ.